ಮಿಲ್ಟ್ರಿಯಿಂದ ಬಂದವನ ಗಂಟಿಗೆ ಊರೆಲ್ಲ ಪಾಲುದಾರರು

ಬೆಳಗಾವಿ ಕಡೆಯ ಮಿಲ್ಟ್ರಿ ಜವಾನನಿಗೆ ಅಮೆರಿಕದ ಸೈನಿಕನಿಗಿಂತ ಬೇಗ ಪೆನ್ಶನ್ ಸಿಗುತ್ತದೆ. ನಮ್ಮಲ್ಲಿ 15 ವರ್ಷ ಸೇವೆ ಆದರೆ ಸಾಕು, ಕೊನೆಯ ಸಂಬಳದ ಅರ್ಧ. ಅಮೆರಿಕದಲ್ಲಿ 20 ವರ್ಷ ಆಗಲೇಬೇಕು, 2018ರಿಂದ ಈಚೆಗೆ ಸೇರಿದವರಿಗಾದರೆ ಆಗಲೂ 40 ಪರ್ಸೆಂಟ್ ಅಷ್ಟೇ. ಹಾಗಿದ್ದೂ ದುಡ್ಡು ಉಳಿಸಿಕೊಳ್ಳುವ ವಿಷಯದಲ್ಲಿ ನಾವು ಇವರಿಂದ ಕಲಿಯೋದಿದೆ.

ನಾನು ರಾಯಬಾಗ ತಾಲ್ಲೂಕಿನವನು, ಈಗ ಇರೋದು ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಇಲ್ಲಿ ದೊಡ್ಡ ನೌಕಾನೆಲೆ ಇದೆ, ಅಕ್ಕಪಕ್ಕದ ಮನೆಯವರೆಲ್ಲ ನೇವಿಯವರೇ. ಪಕ್ಕದ ಮನೆ ಹುಡುಗ ಒಮ್ಮೆ ಮೊಬೈಲಿನಲ್ಲಿ ತನ್ನ ಸಂಬಳದ ಚೀಟಿ ತೋರಿಸಿದ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಆಗಲೇ ಮುಪ್ಪಿನ ಕಾಲದ ದುಡ್ಡು ಕಟ್ ಆಗುತ್ತಿದೆ! ಟಿಎಸ್‌ಪಿ ಅಂತ ಒಂದು ಖಾತೆ. ಅವನು ಸಂಬಳದ 5 ಪರ್ಸೆಂಟ್ ಹಾಕುತ್ತಾನೆ, 2 ವರ್ಷ ಸೇವೆ ಆದ ಮೇಲೆ ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕೇ ವರ್ಷಕ್ಕೆ ಕೆಲಸ ಬಿಟ್ಟರೂ ಆ ಖಾತೆ ಅವನದೇ. ಆದರೆ ಸಾಮಾನ್ಯವಾಗಿ ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು ತೆಗೆದರೆ ತೆರಿಗೆಯ ಜೊತೆ 10 ಪರ್ಸೆಂಟ್ ದಂಡ. ನನಗೆ ಹಿಡಿಸಿದ್ದು ಇದೇ. ತೆಗೆಯೋಕೆ ನಷ್ಟವಾಗುವ ದುಡ್ಡನ್ನು ಯಾರೂ ಸಾಲ ಕೇಳೋದಿಲ್ಲ.

ನಮ್ಮಲ್ಲಿ ಹೇಗೆ? ನಮ್ಮ ಕಾಕಾ ಹವಾಲ್ದಾರರಾಗಿ ಪೆನ್ಶನ್ ಬಂದಾಗ ಕಪ್ಪು ಟ್ರಂಕು ಪಡಸಾಲೆಯಲ್ಲಿ ಇಳಿಸಿದ್ದಷ್ಟೇ, ಚಹಾ ಆರುವ ಮೊದಲೇ ಪ್ಲಾಟಿನ ದಲ್ಲಾಳಿ ಬಂದು ಕೂತಿದ್ದ. ಹಿಂದೆಯೇ ಪತ್ತಿನ ಸೊಸೈಟಿಯ ಏಜೆಂಟ್, ಬ್ಯಾಂಕಿಗಿಂತ ಜಾಸ್ತಿ ಬಡ್ಡಿ ಕೊಡಿಸ್ತೀನಿ ಅಂತ. "ತಮ್ಮಾ, ಬೋರ್ ಹೊಡಿಸೂದೈತಿ, ಈ ಸಲ ನೀನ ನೋಡ್ಬೇಕು" ಅಂದರು ದೊಡ್ಡಪ್ಪ. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಫಂಡ್, ಗ್ರಾಚ್ಯುಟಿ, ಕಮ್ಯುಟೇಶನ್ (ಪೆನ್ಶನ್ನಿನ ಒಂದು ಪಾಲು ಮಾರಿ ಒಮ್ಮೆಗೇ ತಗೊಳ್ಳೋ ದುಡ್ಡು) ಎಲ್ಲ ಸೇರಿ ಎಷ್ಟು ಬರುತ್ತದೆ ಅನ್ನೋದು ಕಾಕಾಗಿಂತ ಮೊದಲು ಊರಿಗೆ ಗೊತ್ತಿತ್ತು. ಸೊಸೈಟಿ ಮೂರ್ನಾಲ್ಕು ವರ್ಷಕ್ಕೆ ಬಾಗಿಲು ಹಾಕಿತು. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ, ಇಂಥ ಸೊಸೈಟಿಗಳಿಗೆ ಆ ವಿಮೆಯೇ ಇಲ್ಲ. ನಮ್ಮ ಜಿಲ್ಲೆಯ ಎಷ್ಟೋ ಮಾಜಿ ಸೈನಿಕರ ಮನೆಯಲ್ಲಿ ಇದು ಇನ್ನೂ ಗೊತ್ತಿಲ್ಲ ಅನ್ನೋದೇ ನನಗೆ ಸಂಕಟ.

ಕಮ್ಯುಟೇಶನ್ ಲೆಕ್ಕವನ್ನೂ ಕೂತು ಮಾಡಬೇಕು. 20,000 ರೂಪಾಯಿ ಪೆನ್ಶನ್ ಇರುವವರು ನಲವತ್ತರ ಹತ್ತಿರ ಅರ್ಧ ಮಾರಿಕೊಂಡರೆ ಕೈಗೆ ಬರೋದು ಸುಮಾರು 11 ಲಕ್ಷ. ಆಮೇಲೆ 15 ವರ್ಷ ತಿಂಗಳಿಗೆ 10,000 ಕಟ್, ಅಂದರೆ ಒಟ್ಟು 18 ಲಕ್ಷ. ಮನೆ ಕಟ್ಟೋಕೆ ಬೇಕೇ ಬೇಕು ಅಂದರೆ ತಗೊಳ್ಳಿ. ತಂಗಿ ಮದುವೆಯಲ್ಲಿ ಊರಿಗೆಲ್ಲ ಊಟ ಹಾಕೋಕೆ ಬೇಡ.

ಪೆನ್ಶನ್ ಇದ್ದವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ನನಗೆ ಜಾಸ್ತಿ ಚಿಂತೆ ಅಗ್ನಿವೀರರದು. ಬೆಳಗಾವಿಯಲ್ಲಿ ಸೇನೆಯ ಮರಾಠಾ ಸೆಂಟರಿನಲ್ಲಿ, ಸಾಂಬ್ರಾದ ವಾಯುಪಡೆ ಶಾಲೆಯಲ್ಲಿ ತರಬೇತಿ ಪಡೆದ ಎಷ್ಟೋ ಹುಡುಗರು 4 ವರ್ಷ ಮುಗಿಸಿ ಹೊರಬರುತ್ತಾರೆ. ಹೆಚ್ಚೆಂದರೆ 25 ಪರ್ಸೆಂಟ್ ಹುಡುಗರಿಗೆ ಮುಂದುವರಿಯುವ ಅವಕಾಶ. ಉಳಿದವರಿಗೆ ಪೆನ್ಶನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸೇವಾ ನಿಧಿ ಅಂತ ಬಡ್ಡಿ ಸೇರಿ ಸುಮಾರು 11.71 ಲಕ್ಷ ಎಂದು ಸರ್ಕಾರ ಹೇಳಿದೆ. ತಿಂಗಳ ಸಂಬಳದ 30 ಪರ್ಸೆಂಟ್ ಹುಡುಗನದು, ಅಷ್ಟೇ ಸರ್ಕಾರದ್ದು. ಇಲ್ಲಿಯ ಟಿಎಸ್‌ಪಿಗಿಂತ ಎಷ್ಟೋ ಪಾಲು ಜಾಸ್ತಿ, ತೆರಿಗೆಯೂ ಇಲ್ಲ! ಆದರೆ ಬೀಗವೂ ಇಲ್ಲ. ಇಪ್ಪತ್ಮೂರು, ಇಪ್ಪತ್ನಾಲ್ಕರ ಹುಡುಗ, ಖಾತೆಯಲ್ಲಿ ಹನ್ನೊಂದು ಲಕ್ಷ, ಬಾಗಿಲಲ್ಲಿ ಅದೇ ದಲ್ಲಾಳಿ.

ಆ ಬೀಗವನ್ನು ಮನೆಯವರೇ ಹಾಕಬೇಕು. ಅಪ್ಪ, ಅವ್ವ ಮೊದಲೇ ಕೂತು ಮಾತಾಡಿಕೊಳ್ಳಲಿ, ಓದಿಗೋ ದಂಧೆಗೋ ಇಷ್ಟು, ಉಳಿದದ್ದು ಮುಟ್ಟೋದಿಲ್ಲ ಅಂತ. ಉಳಿದದ್ದಕ್ಕೆ ಪೋಸ್ಟ್ ಆಫೀಸಿನ ಪಿಪಿಎಫ್ ಇದೆ, 15 ವರ್ಷ ಸುಲಭಕ್ಕೆ ಬಿಚ್ಚೋಕೆ ಬರೋದಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ತಗೊಳ್ಳೋದಿಲ್ಲ. ಹಾಗಾಗಿ ಮಿಕ್ಕಿದ್ದನ್ನು ಬೇರೆ ಬೇರೆ ಬ್ಯಾಂಕಿನಲ್ಲಿ, ಒಂದೊಂದರಲ್ಲೂ 5 ಲಕ್ಷದ ಒಳಗೆ, ಎಫ್‌ಡಿ ಮಾಡಿ, ಪ್ರತಿ ವರ್ಷ ಏಪ್ರಿಲ್ 5ರೊಳಗೆ ಅದರಿಂದ ತೆಗೆದು ಪಿಪಿಎಫ್‌ಗೆ ಕಟ್ಟಿ. ಆ ತಾರೀಕು ದಾಟಿದರೆ ಆ ತಿಂಗಳ ಬಡ್ಡಿ ಹೋಗುತ್ತದೆ.