ಕಪ್ಪೆ ಕಾಣಿಸ್ತು, ಸ್ಕೂಟರ್ ಕಾಣಿಸಲಿಲ್ಲ

ಎರಡು ತಿಂಗಳ ಹಿಂದೆ ಒಂದು ಭಾನುವಾರ ನಾನು ಬೇರೆಯವರ ಸ್ಕೂಟರ್ ಮನೆಗೆ ತಂದೆ. ಕದಿಯುವ ಉದ್ದೇಶ ಖಂಡಿತ ಇರಲಿಲ್ಲ. ಇದ್ದಿದ್ದರೆ ಸ್ವಲ್ಪ ಹೊಸದನ್ನೇ ನೋಡಿ ತರುತ್ತಿದ್ದೆ.

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿದವರಿಗೆ ನನ್ನ ಕಷ್ಟ ಗೊತ್ತಿರುತ್ತದೆ. ಒಳಗೆ ಹೋಗಿ ಎರಡು ದೋಸೆ ತಿಂದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ನಿಮ್ಮ ಗಾಡಿಯನ್ನು ನಾಲ್ಕು ಗಾಡಿ ಆಚೆ ಸರಿಸಿರುತ್ತಾರೆ. ಸಾಲಿನಲ್ಲಿ ಅರ್ಧಕ್ಕರ್ಧ ಬಿಳೀ ಸ್ಕೂಟರ್‌ಗಳೇ. ನಾನು ಹುಡುಕಿದೆ. ಬಿಳೀ ಬಣ್ಣ, ಸರಿ. ಎಡಗಡೆ ಉದ್ದ ಗೀರು, ಸರಿ. ಮುಂದಿನ ಕೊಕ್ಕೆಯಲ್ಲಿ ಮಂಡಕ್ಕಿ ಕವರ್, ಅದೂ ಸರಿ. ಇನ್ನೇನು ಬೇಕು? ಕೀಲಿ ಹಾಕಿದೆ. ಸ್ವಲ್ಪ ತಕರಾರು ಮಾಡಿತು. ಹಳೇ ಗಾಡಿ ಅಲ್ವಾ, ಮಾಡುತ್ತೆ ಅಂತ ಎರಡು ಸಲ ಅಲ್ಲಾಡಿಸಿದೆ. ತಿರುಗಿತು. ಹೊರಟೆ.

ದಾವಣಗೆರೆಯಲ್ಲಿ ಮಂಡಕ್ಕಿ ಕವರನ್ನು ಗುರುತು ಅಂತ ನಂಬಿದ್ದು ನನ್ನ ಮೊದಲ ತಪ್ಪು. ಬೇರೆ ಊರಲ್ಲಾಗಿದ್ದರೆ ನಡೆಯುತ್ತಿತ್ತೋ ಏನೋ.

ಮನೆಯಲ್ಲಿ ಹೆಂಡತಿ ಕವರ್ ಬಿಚ್ಚಿ, "ಇಷ್ಟೊಂದು ಹಸಿಮೆಣಸಿನಕಾಯಿ ಯಾಕ್ರೀ ತಂದ್ರಿ?" ಅಂದಳು. ತಂದಿಲ್ಲ ಅಂದೆ. ಮಂಡಕ್ಕಿ ಕೆಳಗಿಂದ ಒಂದು ಹಿಡಿ ತೆಗೆದು ತೋರಿಸಿದಳು. ಅಂಗಡಿಯವನು ತಪ್ಪು ಕವರ್ ಕೊಟ್ಟಿರಬೇಕು ಅಂದೆ. ನೋಡಿ, ಆಗಲೂ ನನ್ನ ಅನುಮಾನ ಹೋಗಿದ್ದು ಅಂಗಡಿಯವನ ಮೇಲೆ. ಮಗಳು ಬಾಗಿಲಲ್ಲಿ ನಿಂತು, "ಅಪ್ಪ, ನಮ್ಮ ಗಾಡಿಗೆ ಎಡಗಡೆ ಕನ್ನಡಿ ಯಾವಾಗ ಹಾಕಿಸಿದ್ರಿ?" ಅಂದಾಗಲೇ ನನ್ನ ಎದೆ ಧಸಕ್ ಅಂದಿದ್ದು.

ಒಂದು ವರ್ಷದಿಂದ ನನ್ನ ಗಾಡಿಗೆ ಎಡಗಡೆ ಕನ್ನಡಿ ಇಲ್ಲ. ದಾರಿಯುದ್ದಕ್ಕೂ ಆ ಕನ್ನಡಿ ನೋಡಿಕೊಂಡೇ ಬಂದಿದ್ದೆ. ಗೇಟ್ ಮುಂದೆ ಅದರಲ್ಲೇ ನೋಡಿ ಹಣೆ ಮೇಲಿನ ಕೂದಲನ್ನೂ ಸರಿ ಮಾಡಿಕೊಂಡಿದ್ದೆ.

ಬಿದ್ದೆನೋ ಎದ್ದೆನೋ ಅಂತ ವಾಪಸ್ ಓಡಿದೆ. ಏಟು ಬೀಳುವುದು ಗ್ಯಾರಂಟಿ ಅಂತ ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ನೋಡಿದರೆ ಆ ಯಜಮಾನರು ನನ್ನ ಸ್ಕೂಟರ್ ಪಕ್ಕ ಬೆವರಿಳಿಸಿಕೊಂಡು ನಿಂತಿದ್ದಾರೆ. ಕೆಳಗೆ ಒಬ್ಬ ಮೆಕ್ಯಾನಿಕ್ ಹುಡುಗ ಕೂತು ಲಾಕ್ ಬಿಚ್ಚುತ್ತಿದ್ದಾನೆ. "ನೋಡ್ರೀ, ಬೆಳಿಗ್ಗೆ ಸರಿ ಇತ್ತು, ಈಗ ಕೀಲಿನೇ ತಿರುಗವಲ್ದು" ಅಂತ ನನಗೇ ಕಷ್ಟ ಹೇಳಿಕೊಂಡರು. ಅವರಿಗೆ ಗಾಡಿ ಬದಲಾಗಿರುವುದೇ ಗೊತ್ತಿಲ್ಲ! ಇಲ್ಲದ ಕನ್ನಡಿ ಅವರಿಗೂ ಕಾಣಿಸಿತ್ತು ಅಂತ ಕಾಣುತ್ತದೆ. ಮೆಕ್ಯಾನಿಕ್ ದುಡ್ಡು ನಾನೇ ಕೊಟ್ಟೆ.

ಮಗಳು ಮನಶ್ಶಾಸ್ತ್ರ ಓದುತ್ತಾಳೆ. ಇಂಥ ಅಪ್ಪ ಇರುವಾಗ ಬೇರೆ ಪ್ರಯೋಗಶಾಲೆ ಯಾಕೆ? ಮುಂದಿನ ವಾರ ಮನೆಯಲ್ಲಿ ಖಾಲಿ ದೋಸೆ. ಮೂರು ದುಂಡನೆ ದೋಸೆ ತೆಗೆದುಕೊಂಡಳು. ಒಂದೊಂದರಲ್ಲೂ ಕೇಕ್ ಕತ್ತರಿಸಿದ ಹಾಗೆ ಒಂದು ಚೂರು ಕತ್ತರಿಸಿ ತಾನೇ ತಿಂದಳು. ಕತ್ತರಿಸಿದ ಬಾಯಿ ಒಳಗಡೆ ಇರುವ ಹಾಗೆ ಮೂರನ್ನೂ ಬಾಳೆಲೆಯ ಮೇಲೆ ಮೂರು ಮೂಲೆಗೆ ಇಟ್ಟು, "ಏನು ಕಾಣುತ್ತೆ?" ಅಂದಳು. ತ್ರಿಕೋನ! ದೋಸೆಗಳ ಮೇಲೆ ಯಾರೋ ಹಸಿರು ತ್ರಿಕೋನ ಕತ್ತರಿಸಿ ಇಟ್ಟ ಹಾಗಿತ್ತು. ಅಂಚು ಕೂಡ ಕಾಣುತ್ತಿತ್ತು. "ಗೆರೆ ಎಲ್ಲಿದೆ, ಬೆರಳಿಟ್ಟು ತೋರಿಸಿ" ಅಂದಳು. ಬೆರಳಿಟ್ಟರೆ ಬರೀ ಬಾಳೆಲೆ. ಇಟಲಿಯ ಗಯೆಟಾನೊ ಕನಿಝಾ 1955ರಲ್ಲಿ ಇದನ್ನು ಕಪ್ಪು ಚಕ್ರಗಳಲ್ಲಿ ಮಾಡಿ ತೋರಿಸಿದ್ದನಂತೆ. ಪಾಪ, ಅಲ್ಲಿ ಖಾಲಿ ದೋಸೆ ಎಲ್ಲಿ ಸಿಗಬೇಕು.

"ಮೂರು ಮೂಲೆ ಸಿಕ್ಕರೆ ಮನಸ್ಸು ಉಳಿದ ಗೆರೆ ತಾನೇ ಎಳೆದುಕೊಳ್ಳುತ್ತೆ. ನೀವು ಮೂರು ಗುರುತು ಸಿಕ್ಕಿದ್ದಕ್ಕೆ ಇಡೀ ಸ್ಕೂಟರ್ ಎಳೆದುಕೊಂಡು ಬಂದ್ರಿ" ಅಂದಳು. ಆರಿದ ದೋಸೆಗೆ ಬೆಣ್ಣೆ ಕರಗಲಿಲ್ಲ.

ಹಾಗಂತ ನನ್ನ ಕಣ್ಣು ಪೂರ್ತಿ ದಡ್ಡ ಅಲ್ಲ. ದುರ್ಗದ ಏಳು ಸುತ್ತಿನ ಕೋಟೆಗೆ ಹೋದಾಗ ಗೈಡ್ ಒಂದು ಬಂಡೆ ತೋರಿಸಿ "ಅಲ್ನೋಡಿ ಸಾರ್ ಕಪ್ಪೆ" ಅಂದ. ಬಂಡೆ ಬಂಡೆಯ ಹಾಗೇ ಇತ್ತು. "ಅದು ಬಾಯಿ, ಅದು ಬೆನ್ನು" ಅಂದ. ಟಕ್ ಅಂತ ಕಪ್ಪೆ ಕೂತುಬಿಟ್ಟಿತು. ಆಮೇಲೆ ಎಷ್ಟು ಕಣ್ಣುಜ್ಜಿದರೂ ಅದು ಬಂಡೆ ಆಗಲೇ ಇಲ್ಲ. ಅಲ್ಲಿಂದ ಮುಂದೆ ಗೈಡ್ ಬೇಕಾಗಲಿಲ್ಲ. ಆನೆ, ಆಮೆ, ಮೂಗು ಮುರಿದುಕೊಂಡ ನಮ್ಮ ಸೋದರತ್ತೆ, ಎಲ್ಲರೂ ಆ ಬೆಟ್ಟದಲ್ಲಿ ಸಿಕ್ಕಿದರು.

ದೊಡ್ಡವರಿಗೂ ಹೀಗೇ ಆಗಿದೆ. 1976ರಲ್ಲಿ ವೈಕಿಂಗ್ 1 ನೌಕೆ ಮಂಗಳ ಗ್ರಹದಿಂದ ಕಳಿಸಿದ ಒಂದು ಚಿತ್ರದಲ್ಲಿ ಕಣ್ಣು, ಮೂಗು, ಬಾಯಿ ಇರುವ ಮುಖ ಕಾಣಿಸಿತು. ನೆರಳಿನ ಆಟ ಅಂತ ನಾಸಾದವರು ಆಗಲೇ ಹೇಳಿದ್ದರು, ಜನ ಕೇಳಲಿಲ್ಲ. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಸ್ಪಷ್ಟವಾದ ಫೋಟೋ ತೆಗೆದ ಮೇಲೆ ನೋಡಿದರೆ ಬರೀ ಗುಡ್ಡ. ದುರ್ಗದ ಗೈಡ್‌ನನ್ನು ಕೇಳಿದ್ದರೆ ಅದರ ಹಿಂದೆ ಒಂದು ಆನೆಯನ್ನೂ ತೋರಿಸುತ್ತಿದ್ದ. ಇದಕ್ಕೆ ಪ್ಯಾರಿಡೋಲಿಯಾ ಅಂತ ಹೆಸರು. ಮುಖ ಗುರುತಿಸುವುದಕ್ಕೇ ಅಂತ ಮೆದುಳಿನ ತಳದಲ್ಲಿ ಒಂದು ಜಾಗ ಇದೆ. ಬಲಗಡೆ ಸ್ವಲ್ಪ ಜೋರು. ಅಮೆರಿಕದ ನ್ಯಾನ್ಸಿ ಕಾನ್ವಿಶರ್ ಮತ್ತು ಜೊತೆಯವರು ಅದಕ್ಕೆ ಫ್ಯೂಸಿಫಾರ್ಮ್ ಫೇಸ್ ಏರಿಯಾ ಅಂತ ಹೆಸರಿಟ್ಟಿದ್ದು 1997ರಲ್ಲಿ. ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆದ ವರ್ಷ.

ನನ್ನ ಆ ಜಾಗ ಕಲ್ಲಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಸ್ವಿಚ್‌ಬೋರ್ಡಿನಲ್ಲಿ ಮುಖ ಕಾಣುತ್ತದೆ, ಮದುವೆ ಮನೆಯಲ್ಲಿ ಎದುರಿಗೆ ನಿಂತ ಭಾವಮೈದ ಕಾಣುವುದಿಲ್ಲ. ಮುಖ ಗುರುತಿಸಲಾಗದ ಪ್ರೊಸೊಪಗ್ನೋಸಿಯಾ ಅನ್ನುವ ತೊಂದರೆ ಇದೆ ಅಂತ ಗೊತ್ತಾದಾಗ ನನಗೆ ಒಳಗೊಳಗೇ ಖುಷಿ ಆಯಿತು. ಮಗಳು ಒಪ್ಪಲಿಲ್ಲ. "ಅದು ನಿಜವಾದ ಕಷ್ಟ ಅಪ್ಪ, ಕೆಲವರಿಗೆ ಕನ್ನಡಿಯಲ್ಲಿ ತಮ್ಮ ಮುಖವೇ ಗೊತ್ತಾಗಲ್ಲ" ಅಂದಳು. "ನಮ್ಮ ತಮ್ಮನ ಸಾಲ ವಾಪಸ್ ಕೊಟ್ಟುಬಿಡಿ, ನಿಮ್ಮದು ವಾಸಿ ಆಗುತ್ತೆ" ಅಂದಳು ಹೆಂಡತಿ.

ಗಾಡಿ ಮತ್ತೆ ಬದಲಾಗದಿರಲಿ ಅಂತ ಮಗಳು ಅದರ ಮುಂಭಾಗಕ್ಕೆ ಅಂಗೈ ಅಗಲದ ಹಸಿರು ಕಪ್ಪೆ ಸ್ಟಿಕರ್ ಅಂಟಿಸಿದಳು. ದುರ್ಗದ ನೆನಪಿಗೆ. ಅವತ್ತಿನಿಂದ ಎಲ್ಲೇ ನಿಲ್ಲಿಸಿದರೂ ಮೊದಲು ಕಪ್ಪೆ ನೋಡುತ್ತೇನೆ, ಆಮೇಲೆ ಕೀಲಿ ಹಾಕುತ್ತೇನೆ. ಒಂದು ಸಲವೂ ತಪ್ಪಿಲ್ಲ.

ಮೊನ್ನೆ ಮಗಳು, "ಅಪ್ಪ, ಕಪ್ಪೆ ಏನಾಯ್ತು?" ಅಂದಳು.

"ಏನಾಗುತ್ತೆ? ಇದೆಯಲ್ಲ. ಬೆಳಿಗ್ಗೆ ಮಂಡಿಪೇಟೆಯಲ್ಲಿ ನೋಡಿಯೇ ಗಾಡಿ ತೆಗೆದೆ."

ಹೊರಗೆ ಹೋಗಿ ನೋಡಿದೆವು. ಅಂಟಿನ ಗುರುತು ಮಾತ್ರ ಇತ್ತು. ಅದರ ಮೇಲೆ ಕಮ್ಮಿ ಅಂದರೂ ಒಂದು ವಾರದ ಧೂಳು.