ನಮ್ಮಜ್ಜ ಯಾರನ್ನೂ ಕೊಲ್ಲಲಿಲ್ಲ

ಭಾನುವಾರ ಅಜ್ಜನ ನುಡಿನಮನ ಮುಗಿಸಿ ಬಂದಾಗಿನಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಇಲ್ಲೇ ಕಾರಿಬಿಡುತ್ತೇನೆ. ಮನೆಯವರು ಓದಿದರೆ ಓದಲಿ.

ವೇದಿಕೆಯ ಹಿಂದೆ 20 ಅಡಿ ಫ್ಲೆಕ್ಸ್. ನಡುವೆ ಅಜ್ಜನ ಮುಖ, ಪಕ್ಕದಲ್ಲಿ ಟ್ಯಾಂಕು, ತಲೆಯ ಮೇಲೆ ಯುದ್ಧವಿಮಾನ, ಕೆಳಗೆ ಕೈಮುಗಿದು ನಿಂತ 12 ಜನ 'ಶುಭಕೋರುವವರು'. (ಹೌದು, ಶುಭ ಕೋರುವವರು. ಸತ್ತವರಿಗೆ. ಹಳೇ ಫ್ಲೆಕ್ಸಿನ ಫೈಲನ್ನೇ ಬಳಸಿರಬೇಕು.) ಭಾಷಣಕ್ಕೆ ನಿಂತವರು, ಒಬ್ಬರೇ ನುಗ್ಗಿ ಡಜನ್‌ಗಟ್ಟಲೆ ಶತ್ರುಗಳನ್ನು ಹೊಡೆದುರುಳಿಸಿದ ಹುಲಿ ಅಂದರು. ಚಪ್ಪಾಳೆಯೋ ಚಪ್ಪಾಳೆ.

ಹುಲಿ ಲಾರಿ ಡ್ರೈವರ್ ಆಗಿತ್ತು ಸ್ವಾಮಿ. ಸೇನೆಗೆ ಸಾಮಾನು ಸಾಗಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ 17 ವರ್ಷ, ಹವಾಲ್ದಾರ್ ಆಗಿ ಪೆನ್ಶನ್. 1971ರ ಡಿಸೆಂಬರ್ 3ಕ್ಕೆ ಯುದ್ಧ ಶುರುವಾದಾಗ ಪಶ್ಚಿಮದ ಗಡಿಯಲ್ಲಿ ಶಕ್ತಿಮಾನ್ ಲಾರಿ ಓಡಿಸುತ್ತಿದ್ದರು. ಹೋಗುವಾಗ ಶೆಲ್ಲು, ಗೋಧಿ ಹಿಟ್ಟು. ಬರುವಾಗ ಕೆಲವು ಸಲ ಗಾಯಾಳುಗಳು. ರಾತ್ರಿ ಹೆಡ್‌ಲೈಟ್ ಹಾಕುವಂತಿಲ್ಲ. ಮುಂದಿನ ಲಾರಿಯ ಡಿಫರೆನ್ಷಿಯಲ್‌ಗೆ (ಹಿಂದಿನ ಚಕ್ರಗಳ ನಡುವಿನ ಗುಂಡನೆಯ ಗೇರ್ ಡಬ್ಬಿ) ಬಿಳಿ ಬಣ್ಣ ಬಳಿದಿರುತ್ತಾರೆ, ಅದರ ಮೇಲೆ ಬೀಳುವಂತೆ ಒಂದು ಮಿಣುಕು ಬಲ್ಬು. ಆ ತಟ್ಟೆಯಷ್ಟಗಲದ ಬಿಳಿಯನ್ನೇ ನೋಡಿಕೊಂಡು ಬೆಳಗಿನ ತನಕ ಸ್ಟಿಯರಿಂಗ್ ಹಿಡಿಯಬೇಕು. 'ಅದು ತಪ್ಪಿತು ಅಂದ್ರೆ ಹಳ್ಳಕ್ಕೇ' ಅನ್ನುತ್ತಿದ್ದರು. ಅಷ್ಟೇ ಅವರ ಯುದ್ಧದ ಕತೆ. ಎರಡು ವಾರದ್ದು. ಅಜ್ಜ ಬದುಕಿದ್ದು 89 ವರ್ಷ.

ಊರಿಗೆ ಬಂದಮೇಲಿನ ಐವತ್ತು ವರ್ಷದ ಬಗ್ಗೆ ವೇದಿಕೆಯಲ್ಲಿ ಒಂದು ಮಾತಿಲ್ಲ. ಒಂದೇ ಒಂದು ಮಾತಿಲ್ಲ!

ನಮ್ಮ ಜಗಲಿ ಸುತ್ತಲಿನ ಹಳ್ಳಿಗಳ ಸೈನಿಕರ ವಿಧವೆಯರ ಕಚೇರಿಯಾಗಿತ್ತು. ಪಾರ್ಟ್ ಟು ಆರ್ಡರ್ (ಮದುವೆಯಂಥ ವಿವರವನ್ನು ಸೇನೆಯ ದಾಖಲೆಗೆ ಏರಿಸುವ ಆದೇಶ) ಆಗದೆ ಮದುವೆಯೇ ದಾಖಲೆಗೆ ಏರದವರು, ಊರಲ್ಲಿ ಲಕ್ಷ್ಮವ್ವ ಆಗಿದ್ದು ಯಾರೋ ಗುಮಾಸ್ತನ ಪೆನ್ನಿನಲ್ಲಿ 'ಲಕ್ಷ್ಮೀ ದೇವಿ' ಆದವರು. ಆ ಒಂದು 'ದೇವಿ'ಯಿಂದ ವರ್ಷಗಟ್ಟಲೆ ಫ್ಯಾಮಿಲಿ ಪೆನ್ಶನ್ ನಿಂತಿರುತ್ತಿತ್ತು. ಅಜ್ಜ ಕಾರ್ಬನ್ ಇಟ್ಟು ಅರ್ಜಿ ಬರೆಯುತ್ತಿದ್ದರು. ಅಜ್ಜಿಯರ ಹೆಬ್ಬೆರಳನ್ನು ತಾವೇ ಹಿಡಿದು ಇಂಕ್ ಪ್ಯಾಡಿನ ಮೇಲೆ ಹೊರಳಿಸಿ, ಕಾಗದಕ್ಕೆ ಒತ್ತಿಸಿ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸುತ್ತಿದ್ದರು. ಉಗುರಿನ ಸಂದಿಯ ಮಸಿ ಕೂಡ.

ನವೆಂಬರ್ ಬಂದರೆ ಬದುಕಿದ್ದೇನೆ ಅನ್ನೋ ಪತ್ರ ಕೊಡಬೇಕಲ್ಲ, ಹತ್ತು ಹನ್ನೆರಡು ಜನರನ್ನು ಬಸ್ಸಿಗೆ ಹತ್ತಿಸಿಕೊಂಡು ಬ್ಯಾಂಕಿಗೆ ಹೊರಡುತ್ತಿದ್ದರು. 'ಮಿಲ್ಟ್ರಿ ಮಾಮನ ಪಲ್ಟನ್ ಹೊರಟಿತು' ಅಂತ ನಗುತ್ತಿದ್ದ ಊರೇ ಭಾನುವಾರ ಚಪ್ಪಾಳೆ ಹೊಡೆದಿದ್ದು.

'ಬಿಡೇ, ಗೌರವಕ್ಕೆ ಹೇಳ್ತಾರೆ. ಹುಡುಗರಿಗೆ ಸ್ಫೂರ್ತಿ ಆಗುತ್ತೆ' ಅಂದ ದೊಡ್ಡಪ್ಪನ ಮಗ. ಯಾವುದರ ಸ್ಫೂರ್ತಿ ಅಣ್ಣಾ? ಸುಳ್ಳು ಹೇಳೋದರದ್ದಾ? ಕಲ್ಲಿನಂಥ ಸತ್ಯ ಎದುರಿಗಿರುವಾಗ ಬಣ್ಣದ ಕಾಗದ ಯಾಕೆ ಹಚ್ಚಬೇಕು?

ಇಷ್ಟು ಹಾರಾಡುವ ನಾನೇನು ಸಾಚಾ ಅಲ್ಲ. ಐದನೇ ಕ್ಲಾಸಲ್ಲಿ, ನಮ್ಮಜ್ಜ ಮೂರು ಜನರನ್ನು ಕೊಂದಿದ್ದಾರೆ ಅಂತ ಕೊಚ್ಚಿಕೊಂಡಿದ್ದೆ. ಅಜ್ಜನ ಕಿವಿಗೆ ಬಿತ್ತು. ಬೈಯಲಿಲ್ಲ. 'ನಾನು ಕೋಳಿ ಕೂಡ ಕೊಯ್ದವನಲ್ಲ ಮಗಾ' ಅಂದು ಪೆನ್ನಿಗೆ ಇಂಕು ತುಂಬಿಸುತ್ತಾ ಕೂತರು.

ಇನ್ನೊಂದು ಇದಕ್ಕಿಂತ ಜಾಸ್ತಿ ಚುಚ್ಚುತ್ತದೆ. 2014ರಲ್ಲಿ ಡಿಜಿಟಲ್ ಜೀವನ್ ಪ್ರಮಾಣ್ ಬಂತು, ಅದೇ ಬದುಕಿದ್ದೇನೆ ಅನ್ನೋ ಪತ್ರ, ಮೆಷಿನ್ ಮೇಲೆ ಬೆರಳೊತ್ತಿ ಕೊಡೋದು. ಗೇಮೆ ಮಾಡಿ ಸವೆದ ಬೆರಳುಗಳನ್ನು ಮೆಷಿನ್ ಒಪ್ಪುತ್ತಿರಲಿಲ್ಲ. 2021ರಲ್ಲಿ ಫೋನಿಗೆ ಮುಖ ತೋರಿಸಿದರೂ ಸಾಕು ಅಂತಾಯಿತು. ಅಜ್ಜ ನನ್ನನ್ನು ಕೇಳಿದರು, 'ಅದನ್ನ ನನಗೆ ಕಲಿಸ್ತೀಯಾ?' ನಾಳೆ ಅಂದೆ. ಮುಂದಿನ ವರ್ಷವೂ ನಾಳೆ ಅಂದೆ. ಆಮೇಲೆ ಅವರು ಕೇಳಲಿಲ್ಲ.

ನಿನ್ನೆ ಬೆಳಿಗ್ಗೆ ಒಬ್ಬ ಅಜ್ಜಿ ಬಂದು ಜಗಲಿಯಲ್ಲಿ ಕೂತಿದ್ದಳು. 'ಮಾಮ ಇಲ್ಲ, ಗೊತ್ತು. ಆದ್ರೂ ನವೆಂಬರ್ ಬಂತಲ್ಲ' ಅಂದು ಹೆಬ್ಬೆರಳು ಚಾಚಿದಳು. ಫೋನನ್ನು ಅವಳ ಮುಖಕ್ಕೆ ಹಿಡಿದು, ಬೆರಳು ಬೇಡಜ್ಜಿ, ಕಣ್ಣು ಮಿಟುಕಿಸು ಅಂದೆ. ಅವಳು ಕಣ್ಣು ಮುಚ್ಚಿದವಳು ತೆರೆಯಲೇ ಇಲ್ಲ, ದೇವರ ಮುಂದೆ ಕೂತ ಹಾಗೆ. ನಾಲ್ಕನೇ ಸಲಕ್ಕೆ ಆಯಿತು.

ಅಜ್ಜನ ಕಪ್ಪು ಟ್ರಂಕು ತೆಗೆದೆ. ಬಿಳಿ ಬಣ್ಣದಲ್ಲಿ ಬರೆದ ಅವರ ನಂಬರ್ ಇನ್ನೂ ಅಳಿಸಿಲ್ಲ. ಒಳಗೆ ಉದ್ದನೆಯ ನೋಟ್‌ಬುಕ್ಕು, ಹೆಸರು, ಪಿಪಿಒ (ಪೆನ್ಶನ್ ಆದೇಶದ) ನಂಬರ್, ಬ್ಯಾಂಕು, ವರ್ಷಕ್ಕೊಂದು ನೀಲಿ ಟಿಕ್. ತೀರಿಕೊಂಡವರ ಸಾಲಿಗೆ ಗೆರೆ ಎಳೆದಿಲ್ಲ, ಸುಮ್ನೆ ಖಾಲಿ ಬಿಟ್ಟಿದ್ದಾರೆ. ಜಗಲಿಗೆ ಬಂದಿದ್ದ ಅಜ್ಜಿಯ ಹೆಸರಿನ ಮುಂದೆ ಟಿಕ್ ಹಾಕಿದೆ.

ಇನ್ನು 9 ಜನ ಬಾಕಿ. ಭಾಷಣ ಮಾಡಿದವರಿಗೆ ಈ ತಿಂಗಳು ಬಿಡುವಿದ್ದರೆ ಬರಲಿ. ಒಬ್ಬರು ಫೋನ್ ಹಿಡಿಯಬೇಕು, ಒಬ್ಬರು ಅಜ್ಜಿಯರನ್ನು ಬೆಳಕಿಗೆ ತಿರುಗಿಸಿ ಕೂರಿಸಬೇಕು.