ಗಾಯವೇ ಕಾಣದ ಸೈನಿಕನ ಕಡತದಲ್ಲಿ ಏನು ಬರೆದಿರಬೇಕು

2020ರ ಜನವರಿ 8ರಂದು ಇರಾನ್ ಹಾರಿಸಿದ ಕ್ಷಿಪಣಿಗಳು ಇರಾಕಿನ ಅಲ್ ಅಸಾದ್ ವಾಯುನೆಲೆಗೆ ಬಡಿದಾಗ ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಒಬ್ಬರೂ ಸಾಯಲಿಲ್ಲ. ಯಾರಿಗೂ ತೊಂದರೆಯಾಗಿಲ್ಲವೆಂದು ಅಧ್ಯಕ್ಷ ಟ್ರಂಪ್ ಮೊದಲು ಹೇಳಿದರು; ಎರಡು ವಾರಗಳ ನಂತರ, ಕೆಲವರಿಗೆ ತಲೆನೋವಿದೆಯೆಂದು ಕೇಳಿದ್ದೇನೆ, ಅದೇನೂ ಗಂಭೀರವಲ್ಲ ಎಂದರು. ಫೆಬ್ರವರಿಯ ಹೊತ್ತಿಗೆ, ಮಿದುಳಿಗೆ ಪೆಟ್ಟಾಗಿದೆಯೆಂದು ವೈದ್ಯರು ಗುರುತಿಸಿದ ಸೈನಿಕರ ಸಂಖ್ಯೆ ನೂರನ್ನು ದಾಟಿತ್ತು. ಅವರಲ್ಲಿ ಹಲವರಿಗೆ, ಯುದ್ಧದಲ್ಲಿ ಗಾಯಗೊಂಡವರಿಗೆ ನೀಡುವ ಪರ್ಪಲ್ ಹಾರ್ಟ್ ಪದಕ ಮಂಜೂರಾಗಲು ಸುಮಾರು ಎರಡು ವರ್ಷ ಹಿಡಿಯಿತು.

ರಕ್ತ ಸುರಿಯದ ಗಾಯವನ್ನು ಗಾಯವೆಂದು ಒಪ್ಪಿಕೊಳ್ಳಲು ಸೇನೆಗಳು ಹಿಂದಿನಿಂದಲೂ ಹಿಂಜರಿದಿವೆ. ಮೊದಲ ಮಹಾಯುದ್ಧದಲ್ಲಿ ಶೆಲ್ ದಾಳಿಗೆ ಸಿಕ್ಕಿ, ಮೈಮೇಲೆ ಗೀರೂ ಇಲ್ಲದೆ ನಡುಗುತ್ತಿದ್ದವರನ್ನು ಕಂಡ ಬ್ರಿಟಿಷ್ ವೈದ್ಯರಲ್ಲಿ, ಇದು ಮಿದುಳಿನ ಹಾನಿಯೋ ಮನಸ್ಸಿನ ಆಘಾತವೋ ಎಂಬ ವಾದ ನಡೆದಿತ್ತು. ಎರಡನೆಯ ಅಭಿಪ್ರಾಯವೇ ಮೇಲುಗೈ ಪಡೆದು, ಮಿದುಳಿನ ಪ್ರಶ್ನೆ ದಶಕಗಳ ಕಾಲ ಬದಿಗೆ ಸರಿಯಿತು.

ಸ್ಫೋಟದಿಂದ ಹೊರಡುವ ಒತ್ತಡದ ಅಲೆ ದೇಹದೊಳಗೇ ಹಾದುಹೋಗುತ್ತದೆ. ಗಾಳಿ ತುಂಬಿದ ಭಾಗಗಳಾದ ಕಿವಿ, ಶ್ವಾಸಕೋಶ ಮತ್ತು ಕರುಳಿಗೆ ಅದರಿಂದಾಗುವ ಹಾನಿಯನ್ನು ವೈದ್ಯರು ಬಹಳ ಹಿಂದೆಯೇ ಬಲ್ಲರು. ಮಿದುಳಿನ ಹಾನಿ ಮಾತ್ರ ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣದು. ಸ್ಫೋಟಕ್ಕೆ ಸಿಲುಕಿದ್ದ ಅಮೆರಿಕದ ಸೈನಿಕರ ಮಿದುಳುಗಳನ್ನು ಮರಣಾನಂತರ ಪರೀಕ್ಷಿಸಿದ ಮಿದುಳಿನ ರೋಗತಜ್ಞ ಡೇನಿಯಲ್ ಪರ್ಲ್ ಮತ್ತು ಸಂಗಡಿಗರು, ಬೂದು ಭಾಗವೂ ಬಿಳಿ ಭಾಗವೂ ಕೂಡುವ ಗಡಿಗಳಲ್ಲಿ ಹಾಗೂ ರಕ್ತನಾಳಗಳ ಸುತ್ತ ಗಾಯ ಮಾಯ್ದಾಗ ಉಳಿಯುವಂಥ ವಿಶಿಷ್ಟ ಕಲೆಗಟ್ಟುವಿಕೆಯನ್ನು ಕಂಡು 2016ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ ಮಿದುಳುಗಳು ಕೆಲವೇ, ನಿಜ. ಆದರೂ ಸ್ಕ್ಯಾನ್ ಸರಿಯಿದೆಯೆಂಬ ಒಂದೇ ಕಾರಣಕ್ಕೆ ಸೈನಿಕನನ್ನು ಮನೆಗೆ ಕಳುಹಿಸುವುದು ತಪ್ಪೆಂದು ತಿಳಿಯಲು ಅಷ್ಟು ಸಾಕು ಎಂಬುದು ನನ್ನ ನಿಲುವು.

ವರ್ಷಗಳ ನಂತರ ಕಾಣುವ ತೊಂದರೆಗಳು ಬಿಡಿಬಿಡಿಯಾಗಿ ಬರುವುದರಿಂದ ಅವುಗಳ ಮೂಲ ತಿಳಿಯುವುದು ಕಷ್ಟ. ಎಡೆಬಿಡದ ತಲೆನೋವು, ಕಿವಿಯಲ್ಲಿ ನಿಲ್ಲದ ಮೊರೆತ, ನಿದ್ರೆಯಿಲ್ಲದ ರಾತ್ರಿಗಳು, ಮರೆವು, ಹಠಾತ್ ಸಿಟ್ಟು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಪೆಟ್ಟು ತಿಂದರೆ ಹಾರ್ಮೋನುಗಳ ಕೊರತೆಯಿಂದ ಆಯಾಸ ಮತ್ತು ಖಿನ್ನತೆ ಬರಬಹುದು. ರಕ್ತಪರೀಕ್ಷೆಯಲ್ಲಿ ಪತ್ತೆಯಾಗಿ ಚಿಕಿತ್ಸೆಗೆ ಬಗ್ಗಬಲ್ಲ ಈ ತೊಂದರೆಯನ್ನು ಕೂಡ ಯಾರೂ ಹುಡುಕದೆ ಉಳಿಸುವುದು ನನಗೆ ತೀವ್ರ ನೋವುಂಟುಮಾಡುವ ಸಂಗತಿ. ಕಾಲು ಕಳೆದುಕೊಂಡವರ ಕಥೆಯೂ ಕೃತಕ ಕಾಲಿನೊಂದಿಗೆ ಮುಗಿಯುವುದಿಲ್ಲ: ಸ್ಫೋಟದಲ್ಲಿ ಅಂಗ ಕಳೆದುಕೊಂಡ ಅನೇಕರಲ್ಲಿ ಉಳಿದ ಭಾಗದ ಸ್ನಾಯುಗಳ ನಡುವೆ ಮೂಳೆ ಬೆಳೆದು, ಕೃತಕ ಕಾಲನ್ನು ತೊಡುವುದೇ ಯಾತನೆಯಾಗುತ್ತದೆ.

ಶತ್ರುವನ್ನೇ ಕಾಣದವರಿಗೂ ಈ ಅಪಾಯ ತಪ್ಪಿದ್ದಲ್ಲ. ಫಿರಂಗಿ ಹಾರಿಸುವವರು, ಭುಜದ ಮೇಲಿಟ್ಟು ರಾಕೆಟ್ ಲಾಂಚರ್ ಸಿಡಿಸುವವರು, ಬಾಂಬಿಟ್ಟು ಬಾಗಿಲು ಒಡೆಯುವುದನ್ನು ಕಲಿಸುವ ತರಬೇತುದಾರರು ತಮ್ಮದೇ ಆಯುಧಗಳ ಒತ್ತಡವನ್ನು ಸಾವಿರಾರು ಬಾರಿ ಸಹಿಸುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆ 2024ರಲ್ಲಿ ಚದರ ಇಂಚಿಗೆ 4 ಪೌಂಡ್ ಒತ್ತಡವನ್ನು ಎಚ್ಚರಿಕೆಯ ಮಟ್ಟವೆಂದು ನಿಗದಿಪಡಿಸಿ, ಹೊಸದಾಗಿ ಸೇರುವವರ ನೆನಪು ಮತ್ತು ಗ್ರಹಿಕೆಯನ್ನು ಆರಂಭದಲ್ಲೇ ಅಳೆದಿಡಲು ಸೂಚಿಸಿತು. ಮೊದಲ ಅಳತೆಯೇ ಇಲ್ಲದಿದ್ದರೆ ನಂತರದ ಕುಸಿತವನ್ನು ತೋರಿಸುವುದಾದರೂ ಹೇಗೆ?

ನಮ್ಮ ಸೇನೆಯಲ್ಲಿಯೂ ಭುಜದ ಮೇಲಿಟ್ಟು ಸಿಡಿಸುವ ಕಾರ್ಲ್ ಗುಸ್ತಾಫ್ ಲಾಂಚರ್ ಬಹುಕಾಲದಿಂದ ಬಳಕೆಯಲ್ಲಿದೆ. ಕಾಶ್ಮೀರದಲ್ಲಿ ಐಇಡಿ ಸ್ಫೋಟಗಳಿಗೆ ಸಿಲುಕಿ ಬದುಕಿ ಬಂದವರಿದ್ದಾರೆ. ನಿವೃತ್ತರಿಗೆ ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ತೊಂದರೆ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ಒಪ್ಪಿತವಾಗಬೇಕು. ಸೇರುವಾಗ ದಾಖಲಾಗದ ಕಾಯಿಲೆಯಿಂದ ಸೈನಿಕನನ್ನು ಸೇವೆಯಿಂದ ಬಿಡುಗಡೆ ಮಾಡಿದರೆ, ಸಾಮಾನ್ಯವಾಗಿ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವ ಮೆಡಿಕಲ್ ಬೋರ್ಡ್ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇದು ದೊಡ್ಡ ಆಸರೆ. ಆದರೆ ನಿವೃತ್ತಿಯಾಗಿ ಹತ್ತು ವರ್ಷಗಳ ನಂತರ ಮರೆವು ಶುರುವಾದವನ ಕಡತದಲ್ಲಿ ಆ ಸ್ಫೋಟದ ಒಂದು ಸಾಲೂ ಇಲ್ಲದಿದ್ದರೆ ಅವನು ಏನನ್ನು ತೋರಿಸಬೇಕು? ಪ್ರತಿ ಸ್ಫೋಟದ ದಿನಾಂಕ, ಸೈನಿಕನಿದ್ದ ದೂರ, ಆಗ ಪ್ರಜ್ಞೆ ತಪ್ಪಿತ್ತೇ, ಕಿವಿ ಕೇಳಿಸದಾಗಿತ್ತೇ ಎಂಬುದನ್ನು ರಕ್ತ ಬಂದಿರಲಿ ಬಿಡಲಿ ಬರೆದಿಡುವುದು ನಿಯಮವಾಗಬೇಕು.

ನಿಮ್ಮ ಮನೆಯಲ್ಲಿ ಸೈನ್ಯದಿಂದ ಮರಳಿದವರಿದ್ದು, ಮೇಲೆ ಹೇಳಿದ ತೊಂದರೆಗಳಿದ್ದರೆ, ಅವರನ್ನು ಕೂರಿಸಿಕೊಂಡು ಈ ವಿವರಗಳನ್ನು ಈಗಲೇ ಬರೆಯಿರಿ. ಜೊತೆಗಿದ್ದವರ ಹೆಸರುಗಳನ್ನೂ ಸೇರಿಸಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಹೋದಾಗ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮತ್ತು ಹಾರ್ಮೋನ್ ಪರೀಕ್ಷೆ ಅಗತ್ಯವೇ ಎಂದು ಕೇಳಿ.